ಕ್ನೋಸೋಸ್ ಅರಮನೆಗೆ ಅಪ್ಪನ ಜೊತೆ ಹೋಗ್ತಿದ್ದೇನೆ. ಅಲ್ಲಿರೋದೆಲ್ಲ ಸಿಮೆಂಟು ಅನ್ನೋದು ನಿಜವಾ?

ಓದುಗಿತ್ತಿ:

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ ಅಪ್ಪನನ್ನು ಕರೆದುಕೊಂಡು ಗ್ರೀಸ್ ದೇಶದ ಕ್ರೀಟ್ ದ್ವೀಪಕ್ಕೆ ಹೋಗುತ್ತಿದ್ದೇನೆ. ಹೆರಾಕ್ಲಿಯನ್ ಊರಿನಲ್ಲಿ ನಾಲ್ಕು ರಾತ್ರಿ ಇರುತ್ತೇವೆ.

ಅಪ್ಪ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಚರಿತ್ರೆ ಪಾಠ ಮಾಡಿದವರು. ಪುಸ್ತಕದಲ್ಲಿ ಕಂಚಿನ ಯುಗದಲ್ಲಿ ಕ್ರೀಟ್‌ನಲ್ಲಿ ಬಾಳಿದ ಮಿನೋವನ್ನರಿಗೆ ಇದ್ದದ್ದು ಒಂದೇ ಪ್ಯಾರಾ. ಅಪ್ಪ ಅದಕ್ಕೆ ಎರಡು ಪೀರಿಯಡ್ ಕೊಡುತ್ತಿದ್ದರು. ಬೋರ್ಡಿನ ಮೇಲೆ ಮಿನೋವನ್ನರ ಕ್ನೋಸೋಸ್ ಅರಮನೆಯ ನಕ್ಷೆ ಬರೆದು, ನಡುವಿನ ಅಂಗಳಕ್ಕೆ ಹಳದಿ ಸೀಮೆಸುಣ್ಣ ಹಚ್ಚುತ್ತಿದ್ದರು. ನಾನೂ ಅದೇ ಕ್ಲಾಸಿನಲ್ಲಿ ಕೂತು ಕೇಳಿದವಳು. ರಿಟೈರ್ ಆದ ಮೇಲೆ ಒಂದು ದಿನ, "ಕಣ್ಣಾರೆ ನೋಡದ ಜಾಗವನ್ನು ಅಷ್ಟು ಮಕ್ಕಳಿಗೆ ಪಾಠ ಮಾಡಿಬಿಟ್ಟೆ" ಅಂದರು. ಆ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೇ ಈ ಪ್ರವಾಸ.

ಈಗ ಓದುತ್ತಾ ಹೋದಂತೆ ತಳಮಳ ಶುರುವಾಗಿದೆ. ಆ ಕೆಂಪು ಕಂಬಗಳು, ಗೋಡೆಯ ಚಿತ್ರಗಳು, ಮಹಡಿ, ಎಲ್ಲವನ್ನೂ ಅರಮನೆ ಅಗೆಸಿದ ಇಂಗ್ಲಿಷ್ ಪುರಾತತ್ವಜ್ಞ ಆರ್ಥರ್ ಇವಾನ್ಸ್ ನೂರು ವರ್ಷದ ಹಿಂದೆ ಸಿಮೆಂಟಿನಲ್ಲಿ ಕಟ್ಟಿಸಿದ್ದು ಅಂತ ಕೆಲವರು ಬರೆದಿದ್ದಾರೆ. "ಅಲ್ಲಿಗೆ ಹೋಗಬೇಡಿ, ಫೈಸ್ಟೋಸ್ ಅರಮನೆಗೆ ಹೋಗಿ, ಅದು ಅಸಲಿ" ಅಂತ ಇನ್ನು ಕೆಲವರು. ಅಪ್ಪನಿಗೆ ಎಪ್ಪತ್ತೆರಡು ವರ್ಷ, ಬಲ ಮಂಡಿ ನೋವು. ಎರಡೆರಡು ಜಾಗ ಸುತ್ತಿಸೋದು ಸುಲಭ ಅಲ್ಲ. ಹೋದವರು ದಯವಿಟ್ಟು ಹೇಳಿ. ಅಲ್ಲಿ ನಿಂತು ಅವರ ಮುಖ ಸಪ್ಪೆಯಾಗೋದನ್ನು ನೋಡೋಕೆ ನನ್ನ ಕೈಲಾಗಲ್ಲ.

ಅಲೆಮಾರಿ:

ಮೊದಲು ಹೋಗುವ ದಾರಿ ಹೇಳಿಬಿಡುತ್ತೇನೆ. ಹೆರಾಕ್ಲಿಯನ್‌ನಿಂದ ಕ್ನೋಸೋಸ್ ಬರೀ 5 ಕಿಲೋಮೀಟರ್. ಊರೊಳಗಿನ 2ನೇ ನಂಬರ್ ಬಸ್ ಅಲ್ಲಿಗೇ ಹೋಗುತ್ತದೆ. ಟ್ಯಾಕ್ಸಿಯೂ ಸಿಗುತ್ತದೆ. ಟಿಕೆಟನ್ನು ಆನ್‌ಲೈನಿನಲ್ಲಿ ಹೊತ್ತು ಗೊತ್ತುಮಾಡಿಕೊಂಡೇ ಕೊಳ್ಳಿ.

ಬೆಳಿಗ್ಗೆ 8ಕ್ಕೆ ಬಾಗಿಲಲ್ಲಿರಿ. ಇದನ್ನು ಮಾತ್ರ ತಪ್ಪಿಸಬೇಡಿ. ಹೆರಾಕ್ಲಿಯನ್ ಬಂದರಿಗೆ ದೊಡ್ಡ ಪ್ರವಾಸಿ ಹಡಗುಗಳು ಬರುತ್ತವೆ. ಹಡಗು ಬಂದ ದಿನ ಹತ್ತು ಗಂಟೆ ದಾಟಿತೋ ಇಲ್ಲವೋ, ಬಸ್ಸುಗಟ್ಟಲೆ ಜನ ಇಳಿಯುತ್ತಾರೆ. ನಾನು ಒಂದು ಟೂರ್ ಕಂಪನಿಯವರ ಮಾತು ನಂಬಿ ಹನ್ನೊಂದಕ್ಕೆ ಹೋದೆ. ಸಿಂಹಾಸನದ ಕೋಣೆಯ ಮುಂದೆ ಬಿಸಿಲಲ್ಲಿ ಮುಕ್ಕಾಲು ಗಂಟೆ ಸಾಲು. ಒಳಗೆ ಇಣುಕೋಕೆ ಸಿಕ್ಕಿದ್ದು ಅರ್ಧ ನಿಮಿಷ.

ನೆರಳು ಕಡಿಮೆ. ಟೋಪಿ, ನೀರು ಮರೆಯಬೇಡಿ. ಕೆಲವು ಕಡೆ ಮರದ ಹಲಗೆಯ ದಾರಿ ಹಾಕಿದ್ದಾರೆ, ಅಪ್ಪನಿಗೆ ಅಲ್ಲಿ ಕಷ್ಟ ಆಗಲ್ಲ. ಉಳಿದ ಕಡೆ ಕಲ್ಲು ಏರುಪೇರು. ಹಳೇ ಜಿಪ್ಸಮ್ ಚಪ್ಪಡಿಗಳು ಸವೆದು ನುಣುಪಾಗಿವೆ, ಜಾರುತ್ತವೆ. ಒಂದು ಊರುಗೋಲು ಇದ್ದರೆ ಒಳ್ಳೆಯದು.

ತೊಲೆಕಂಬ:

ನಾನು ಕಟ್ಟಡ ಕಟ್ಟುವ ಕೆಲಸದಲ್ಲಿರುವವನು. ಸಿಮೆಂಟಿನ ವಿಷಯಕ್ಕಷ್ಟೇ ಬರುತ್ತೇನೆ.

ನಿಜ, ಇವಾನ್ಸ್ ಕಾಂಕ್ರೀಟ್ ಸುರಿಸಿದ. ಆದರೆ ಯಾಕೆ ಅಂತಲೂ ನೋಡಬೇಕು. 1900ರ ಮಾರ್ಚ್‌ನಲ್ಲಿ ಅಗೆತ ಶುರುವಾಯಿತು. ಪೂರ್ವ ಭಾಗದಲ್ಲಿ ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಹಾಗೆ ದೊಡ್ಡ ಮೆಟ್ಟಿಲ ಸಾಲು ಸಿಕ್ಕಿತು. ಒಂದರ ಮೇಲೊಂದು ಅಂತಸ್ತು. ಅವುಗಳನ್ನು ಹೊತ್ತು ನಿಂತಿದ್ದು ಮರದ ಕಂಬ, ಮರದ ತೊಲೆ. ಅವೆಲ್ಲ ಬೆಂಕಿಗೆ ಸುಟ್ಟು ಇದ್ದಿಲಾಗಿದ್ದವು. ನಡುವೆ ತುಂಬಿಕೊಂಡ ಮಣ್ಣೇ ಮೇಲಿನ ಮೆಟ್ಟಿಲುಗಳನ್ನು ಹಿಡಿದಿತ್ತು. ಆ ಮಣ್ಣು ತೆಗೆದರೆ ಎಲ್ಲವೂ ಕುಸಿಯುತ್ತದೆ, ತೆಗೆಯದಿದ್ದರೆ ಏನೂ ಕಾಣಲ್ಲ. ಬೆಳ್ಳಿ ಗಣಿಯಲ್ಲಿ ದುಡಿದು ಅನುಭವ ಇದ್ದ ಆಳುಗಳನ್ನು ಇಟ್ಟುಕೊಂಡು, ಸುರಂಗ ಕೊರೆಯುವ ಹಾಗೆ ಇಳಿದರು. ಮೊದಲು ಮರದ ಆಸರೆ ಕೊಟ್ಟರು, ಅದು ಕೊಳೆಯಿತು. ಚಳಿಗಾಲದ ಮಳೆಗೆ ಒಂದು ಭಾಗ ಕುಸಿದೂ ಬಿತ್ತು. ಆಮೇಲೆ ಕಬ್ಬಿಣದ ತೊಲೆ ಬಂತು. 1920ರ ದಶಕದಲ್ಲಿ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಬಂತು. ಆ ಮೆಟ್ಟಿಲ ಸಾಲಿನಲ್ಲಿ ಅವನು ಮಾಡಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಇಲ್ಲದಿದ್ದರೆ ಇವತ್ತು ಅಲ್ಲಿ ಕಲ್ಲುರಾಶಿ ಮಾತ್ರ ಇರುತ್ತಿತ್ತು.

ಒಪ್ಪದಿರೋದು ಪಶ್ಚಿಮ ಭಾಗದ ಮೇಲ್ಮಹಡಿ. ಅಲ್ಲಿ ಉಳಿಸೋಕೆ ಏನೂ ಇರಲಿಲ್ಲ, ಊಹೆ ಮಾಡಿ ಕಟ್ಟಿದ್ದು. ಕಾಂಕ್ರೀಟಿಗೆ ಮರದ ಬಣ್ಣ ಬಳಿದು ತೊಲೆಯ ಹಾಗೆ ಕಾಣಿಸಿದ್ದಾನೆ. ದೂರದಿಂದ ನೋಡಿದವರಿಗೆ ಯಾವುದು ಹಳತು, ಯಾವುದು ಹೊಸತು ಅಂತ ಗೊತ್ತೇ ಆಗಲ್ಲ. ಈಗ ಆ ಕಾಂಕ್ರೀಟಿಗೂ ವಯಸ್ಸಾಗಿದೆ. ಒಳಗಿನ ಸರಳು ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಮೇಲಿನ ಸಿಮೆಂಟ್ ಸಿಡಿಯುತ್ತದೆ. ಹಾಗಾಗಿ ಇವತ್ತು ಅರಮನೆಯ ಜೊತೆ ಇವಾನ್ಸನ ಕಾಂಕ್ರೀಟನ್ನೂ ಕಾಪಾಡಬೇಕಾಗಿದೆ.

ನನ್ನನ್ನು ಕೇಳಿದರೆ, ಅಪ್ಪನಿಗೆ ಮೊದಲೇ ಇದನ್ನೆಲ್ಲ ಹೇಳಿ ಕರೆದುಕೊಂಡು ಹೋಗಿ. ಚರಿತ್ರೆ ಮೇಷ್ಟ್ರಿಗೆ ಇದೂ ಚರಿತ್ರೆಯೇ ಅಲ್ವಾ?

ಮಣ್ಣುಮಡಕೆ:

ಓದುಗಿತ್ತಿಯವರೇ, ನಾನು ಮಡಕೆ ಮಾಡುವವಳು. ಇಪ್ಪತ್ತು ವರ್ಷದಿಂದ ತಿಗರಿ ಮುಂದೆ ಕೂತಿದ್ದೇನೆ. ಕ್ರೀಟ್‌ಗೆ ಎರಡು ಸಲ ಹೋಗಿ ಬಂದೆ. ಎರಡು ಸಲವೂ ಹೋಗಿದ್ದು ಮಣ್ಣಿಗೋಸ್ಕರ. ಹಾಗಾಗಿ ನನ್ನ ಉತ್ತರ ಸ್ವಲ್ಪ ಬೇರೆ.

ಕಂಬ ಊಹೆ ಇರಬಹುದು, ಮಹಡಿ ಊಹೆ ಇರಬಹುದು. ಸುಟ್ಟ ಮಣ್ಣು ಊಹೆ ಅಲ್ಲ. ಕ್ನೋಸೋಸ್‌ನಲ್ಲಿ ಮಣ್ಣಿನ ವಸ್ತು ಎಲ್ಲಿದೆ ಅಂತ ಹುಡುಕುತ್ತಾ ಹೋಗಿ. ಅಪ್ಪನ ಮುಖ ಸಪ್ಪೆಯಾಗಲ್ಲ, ನನ್ನ ಮಾತು ನಂಬಿ.

ಅಂಗಳದಿಂದ ಪೂರ್ವಕ್ಕೆ ಇಳಿದರೆ ಒಂದು ಮೂಲೆಯಲ್ಲಿ ದೈತ್ಯ ಗುಡಾಣಗಳು ನಿಂತಿವೆ. ಗ್ರೀಕರು ಪಿಥೋಸ್ ಅನ್ನುತ್ತಾರೆ. ಇವು ಮೊದಲ ಅರಮನೆಯ ಕಾಲದವು. ಕ್ರಿ.ಪೂ. 1700ರ ಸುಮಾರಿಗೆ ಆ ಅರಮನೆ ಬಿತ್ತು, ಅದರ ಮೇಲೆ ಇನ್ನೊಂದು ಎದ್ದಿತು. ಅಂದರೆ ಈಗ ಕಾಣುವ ಸಿಂಹಾಸನದ ಕೋಣೆಗಿಂತ ಈ ಗುಡಾಣಗಳು ಹಳತು. ನನ್ನ ತಲೆಗಿಂತ ಎತ್ತರ. ಮೈತುಂಬ ಸಾಲುಸಾಲಾಗಿ ಸಣ್ಣ ಹಿಡಿಗಳು. ನಡುನಡುವೆ ಹಗ್ಗ ಬಿಗಿದ ಹಾಗೆ ಉಬ್ಬು ಪಟ್ಟಿ. ಅದು ಹಗ್ಗ ಅಲ್ಲ, ಮಣ್ಣಿನಲ್ಲೇ ಮಾಡಿದ ಹಗ್ಗ. ಹೊಸೆದ ಎಳೆ ಕೂಡ ಕಾಣುತ್ತದೆ.

ನಾನು ಅದರ ಮುಂದೆ ಬಹಳ ಹೊತ್ತು ನಿಂತೆ. ಯಾಕೆ ಗೊತ್ತಾ? ಅಷ್ಟು ದೊಡ್ಡ ಗುಡಾಣವನ್ನು ಒಂದೇ ಸಲಕ್ಕೆ ಎತ್ತೋಕೆ ಆಗಲ್ಲ. ಹಸಿ ಮಣ್ಣು ತನ್ನ ಭಾರಕ್ಕೇ ಕುಸಿಯುತ್ತದೆ. ಒಂದು ಸುತ್ತು ಏರಿಸಬೇಕು, ಸ್ವಲ್ಪ ಆರೋಕೆ ಬಿಡಬೇಕು, ಅದರ ಮೇಲೆ ಇನ್ನೊಂದು ಸುತ್ತು. ಪೂರ್ತಿ ಒಣಗಿದರೆ ಮೇಲಿನ ಸುತ್ತು ಹಿಡಿಯಲ್ಲ, ಹಸಿ ಜಾಸ್ತಿ ಇದ್ದರೆ ಬಾಗುತ್ತದೆ. ಆ ಹದ ಬೆರಳಿಗೆ ಮಾತ್ರ ಗೊತ್ತು. ಎರಡು ಸುತ್ತು ಸೇರುವ ಜಾಗವೇ ದುರ್ಬಲ. ಅಲ್ಲೇ ಈ ಹಗ್ಗದ ಪಟ್ಟಿ ಬರುತ್ತದೆ. ಬೆಸುಗೆ ಗಟ್ಟಿಯಾಗುತ್ತದೆ, ಗುರುತೂ ಮುಚ್ಚುತ್ತದೆ, ಚಂದವೂ ಆಗುತ್ತದೆ. ನಾನು ದಿನಾ ಮಾಡುವ ಕೆಲಸವನ್ನು ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಒಬ್ಬರು ನನಗಿಂತ ಚೆನ್ನಾಗಿ ಮಾಡಿಟ್ಟಿದ್ದಾರೆ. ನನಗೆ ಕಣ್ಣು ತುಂಬಿ ಬಂತು.

ಹೆರಾಕ್ಲಿಯನ್‌ನಿಂದ ಆಗ್ನೇಯಕ್ಕೆ ಥ್ರಾಪ್ಸನೋ ಅಂತ ಒಂದು ಹಳ್ಳಿ ಇದೆ. ಕುಂಬಾರರ ಹಳ್ಳಿ. ಅಲ್ಲಿ ಇವತ್ತಿಗೂ ಗುಡಾಣ ಮಾಡುತ್ತಾರೆ. ಹಳೇ ಪದ್ಧತಿಯಲ್ಲಿ ಒಂದು ಉದ್ದ ಗುಂಡಿ ತೋಡಿ ಸಾಲಾಗಿ ಚಕ್ರ ಕೂರಿಸುತ್ತಾರೆ. ಒಬ್ಬ ಕೆಳಗೆ ಕೂತು ಚಕ್ರ ತಿರುಗಿಸುತ್ತಾನೆ, ಇನ್ನೊಬ್ಬ ಸುತ್ತು ಏರಿಸುತ್ತಾನೆ. ಮೊದಲ ಗುಡಾಣಕ್ಕೆ ಒಂದು ಸುತ್ತು ಹಾಕಿ ಎರಡನೆಯದಕ್ಕೆ ಹೋಗುತ್ತಾರೆ, ಅಲ್ಲಿಂದ ಮೂರನೆಯದಕ್ಕೆ. ಕೊನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಹದಕ್ಕೆ ಬಂದಿರುತ್ತದೆ. ಗಾಡಿ ಮಾಡಿಕೊಂಡರೆ ಒಂದು ಸಂಜೆ ಹೋಗಿ ಬನ್ನಿ.

ಗುಡಾಣಗಳ ಹತ್ತಿರವೇ ಪೂರ್ವದ ಇಳಿಜಾರಿನಲ್ಲಿ ಮೆಟ್ಟಿಲುಗಳಿವೆ, ಪಕ್ಕದಲ್ಲಿ ಕಲ್ಲಿನ ಕಾಲುವೆ. ಅದನ್ನೂ ಹುಡುಕಿ ನೋಡಿ. ನೀರು ನೇರ ಬಿದ್ದರೆ ರಭಸಕ್ಕೆ ಚಿಮ್ಮುತ್ತದೆ. ಅದಕ್ಕೆ ಕಾಲುವೆಯ ತಳವನ್ನು ಅಲೆ ಅಲೆಯಾಗಿ ಬಾಗಿಸಿ ಕೊರೆದಿದ್ದಾರೆ. ನಡುವೆ ಪುಟ್ಟ ತೊಟ್ಟಿಗಳು, ಕೆಸರು ಅಲ್ಲಿ ತಂಗಲಿ ಅಂತ. ಇನ್ನೊಂದು ಕಡೆ ನೆಲದಡಿಯ ಮಣ್ಣಿನ ಕೊಳವೆಗಳು ಕಾಣುತ್ತವೆ. ಒಂದೊಂದು ತುಂಡೂ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಕಿರಿದಾದ ಬಾಯಿ ಮುಂದಿನ ತುಂಡಿನ ಅಗಲ ಬಾಯೊಳಗೆ ಕೂರುತ್ತದೆ. ಬಾಯಿ ಕಿರಿದಾದರೆ ನೀರಿನ ವೇಗ ಜಾಸ್ತಿಯಾಗುತ್ತದೆ, ಕೆಸರು ನಿಲ್ಲಲ್ಲ. ಇವೆಲ್ಲ ಅಸಲಿ. ಇಲ್ಲಿ ಸಿಮೆಂಟಿನ ಮಾತೇ ಇಲ್ಲ.

ಪಶ್ಚಿಮ ಭಾಗದಲ್ಲಿ ಒಂದು ಉದ್ದ ಓಣಿ, ಅದಕ್ಕೆ ಅಂಟಿಕೊಂಡು ಕಿರಿದಾದ ಉಗ್ರಾಣಗಳ ಸಾಲು. ಇವಾನ್ಸ್ ಅವಕ್ಕೆ 18ರವರೆಗೆ ನಂಬರ್ ಕೊಟ್ಟ. ಎಣ್ಣೆ, ಕಾಳು ತುಂಬಿದ ಗುಡಾಣಗಳು ಇದ್ದದ್ದು ಇಲ್ಲಿ. ಗೋಡೆಯ ಜಿಪ್ಸಮ್ ಕಲ್ಲಿನ ಮೇಲೆ ಮಸಿಯ ಕಲೆ ಇನ್ನೂ ಇದೆ. ಕೊನೆಯ ಬೆಂಕಿ ಬಿದ್ದಾಗ ಎಣ್ಣೆ ಹೇಗೆ ಉರಿದಿರಬೇಕು ಯೋಚಿಸಿ.

ಇಲ್ಲಿ ಒಂದು ಹೆಸರು ಹೇಳಲೇಬೇಕು. ಈ ಉಗ್ರಾಣಗಳನ್ನು ಮೊದಲು ಅಗೆದದ್ದು ಇವಾನ್ಸ್ ಅಲ್ಲ, ಹೆರಾಕ್ಲಿಯನ್ ಊರಿನ ವ್ಯಾಪಾರಿ ಮಿನೋಸ್ ಕಲೊಕೈರಿನೋಸ್. 1878ರಲ್ಲಿ. ಆಗ ಕ್ರೀಟ್ ತುರ್ಕರ ಆಳ್ವಿಕೆಯಲ್ಲಿತ್ತು. ಸಿಕ್ಕಿದ್ದೆಲ್ಲ ಇಸ್ತಾಂಬುಲ್‌ಗೆ ಹೋಗಿಬಿಡುತ್ತದೆ ಅನ್ನುವ ಭಯಕ್ಕೆ ಊರಿನವರೇ ಅಗೆತ ನಿಲ್ಲಿಸಿದರು. 1898ರ ಗಲಭೆಯಲ್ಲಿ ಅವನ ಮನೆಯೂ, ಕೂಡಿಟ್ಟ ವಸ್ತುಗಳೂ ಸುಟ್ಟುಹೋದವು. ಅರಮನೆ ಅಂದ ತಕ್ಷಣ ಎಲ್ಲರೂ ಇವಾನ್ಸ್ ಅನ್ನುತ್ತಾರೆ. ಅಪ್ಪ ಪಾಠದಲ್ಲಿ ಈ ಹೆಸರನ್ನೂ ಸೇರಿಸಿದ್ದರೆ ನನಗೆ ತುಂಬ ಖುಷಿ.

ಅರಮನೆಗೆ ಬಿದ್ದ ಆ ಕೊನೆಯ ಬೆಂಕಿಯಿಂದ ಒಂದು ಉಪಕಾರವೂ ಆಯಿತು. ಅರಮನೆಯ ಲೆಕ್ಕವನ್ನು ಹಸಿ ಮಣ್ಣಿನ ಹಲಗೆಗಳ ಮೇಲೆ ಗೀಚಿ, ಸುಡದೆ ಹಾಗೇ ಒಣಗಿಸಿ ಇಡುತ್ತಿದ್ದರು. ಅರಮನೆ ಉರಿದಾಗ ಆ ಹಲಗೆಗಳೂ ಬೆಂದವು, ಹಾಗಾಗಿ ಉಳಿದವು. ಅದರ ಲಿಪಿಗೆ ಲೀನಿಯರ್ ಬಿ ಅನ್ನುತ್ತಾರೆ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಅದನ್ನು ಓದಿದ. ಹಳೇ ಗ್ರೀಕ್ ಭಾಷೆ. ಅದರಲ್ಲಿರೋದು ಕುರಿ ಎಷ್ಟು, ಉಣ್ಣೆ ಎಷ್ಟು, ಎಣ್ಣೆ ಯಾರಿಗೆ ಅನ್ನೋ ಲೆಕ್ಕ. ಒಂದು ಹಲಗೆಯಲ್ಲಿ ಹೀಗಿದೆ: ಎಲ್ಲ ದೇವರಿಗೆ ಒಂದು ಗಡಿಗೆ ಜೇನು, ಲ್ಯಾಬಿರಿಂತಿನ (ಅಂದರೆ ಚಕ್ರವ್ಯೂಹದ) ಒಡತಿಗೆ ಒಂದು ಗಡಿಗೆ ಜೇನು. ಅವಳು ಯಾರೋ, ಎಲ್ಲ ದೇವರಿಗೂ ಸೇರಿ ಸಿಕ್ಕಷ್ಟು ಜೇನು ಅವಳೊಬ್ಬಳಿಗೇ. ಇದಕ್ಕಿಂತ ಹಳೆಯದು ಲೀನಿಯರ್ ಎ. ಮಿನೋವನ್ನರ ಸ್ವಂತ ಭಾಷೆ ಅದರಲ್ಲಿದೆ. ಅದನ್ನು ಇನ್ನೂ ಯಾರೂ ಓದಿಲ್ಲ.

ಕೊನೆಗೆ ಮ್ಯೂಸಿಯಂ. ಹೆರಾಕ್ಲಿಯನ್‌ನ ಪುರಾತತ್ವ ಮ್ಯೂಸಿಯಂ ನೋಡದೆ ಬರಬೇಡಿ. ಅರಮನೆಯ ಗೋಡೆಯ ಮೇಲಿರೋದು ನಕಲು, ಅಸಲಿ ತುಂಡುಗಳು ಇಲ್ಲಿವೆ. ಒಂದೊಂದು ಚಿತ್ರದ ಹತ್ತಿರ ಹೋಗಿ. ಉಬ್ಬಿದ, ಒರಟಾದ ತುಂಡು ಹಳತು. ನಡುವಿನ ನುಣುಪು ಜಾಗ ಹೊಸ ಬಣ್ಣ. ಹಳತು ಎಷ್ಟು ಕಡಿಮೆ ಅಂತ ನೋಡಿ ನಾನು ಬೆರಗಾದೆ. ಹೂ ಕೀಳುವ ಒಂದು ನೀಲಿ ಹುಡುಗನ ಚಿತ್ರವನ್ನು ಇವಾನ್ಸ್ ಕಾಲದಲ್ಲಿ ಜೋಡಿಸಿದ್ದರು. ಅದು ಹುಡುಗ ಅಲ್ಲ, ಬಾಲ ಇದೆ, ಕೇಸರಿ ಹೂವಿನ ನಡುವೆ ಇರುವ ಕೋತಿ ಅಂತ ಆಮೇಲೆ ಗೊತ್ತಾಯಿತು. ಅಪ್ಪನಿಗೆ ಇದನ್ನು ಮೊದಲೇ ಹೇಳಬೇಡಿ. ಅವರೇ ಕಂಡುಹಿಡಿಯಲಿ.

ಇವಾನ್ಸ್ ಪರವಾಗಿ ಒಂದು ಸಾಕ್ಷಿಯೂ ಅಲ್ಲೇ ಇದೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ, ಹೊಳಪಿನ ಪುಟ್ಟ ಬಿಲ್ಲೆಗಳು. ಒಂದೊಂದರಲ್ಲೂ ಒಂದೊಂದು ಮನೆಯ ಮುಖ. ಕಿಟಕಿ, ಬಾಗಿಲು, ತೊಲೆಯ ತುದಿ, ಎರಡು ಮೂರು ಅಂತಸ್ತು. ಕ್ನೋಸೋಸ್‌ನಲ್ಲೇ ಸಿಕ್ಕಿದ್ದು. ಮಹಡಿ ಮನೆ ಅವನ ಕನಸಲ್ಲ, ಅವರು ನಿಜವಾಗಿ ಕಟ್ಟುತ್ತಿದ್ದರು.

ಓದುಗಿತ್ತಿ:

ಮಣ್ಣುಮಡಕೆ ಅಕ್ಕಾ, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಕೋತಿಯ ಭಾಗ ಬಿಟ್ಟು! ಕಲೊಕೈರಿನೋಸ್ ಹೆಸರನ್ನು ತಮ್ಮ ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ತೊಲೆಕಂಬ ಅವರೇ, ನಿಮ್ಮ ಮೆಟ್ಟಿಲಿನ ವಿವರ ಕೇಳಿ "ಹಾಗಾದರೆ ಸಿಮೆಂಟನ್ನೂ ನೋಡಬೇಕು" ಅಂದರು. ನನ್ನ ಅರ್ಧ ಚಿಂತೆ ಇಳಿಯಿತು. ಅಲೆಮಾರಿಯವರೇ, 8 ಗಂಟೆಯ ಟಿಕೆಟ್ಟೇ ಕೊಂಡಿದ್ದೇನೆ.

ಇನ್ನೊಂದು ದಿನ ಬಿಡುವಿದೆ. ಫೈಸ್ಟೋಸ್ ಸಾಧ್ಯವಾ? ಅಥವಾ ಮಾಲಿಯಾ ಅರಮನೆ ಹತ್ತಿರವಾ?

ಮಣ್ಣುಮಡಕೆ:

ಮಂಡಿ ನೋವು ಜಾಸ್ತಿ ಇದ್ದರೆ ಮಾಲಿಯಾ. ಹೆರಾಕ್ಲಿಯನ್‌ನಿಂದ ಪೂರ್ವಕ್ಕೆ ಸುಮಾರು 35 ಕಿಲೋಮೀಟರ್. ಸಮುದ್ರದ ಪಕ್ಕ, ಸಮತಟ್ಟು ಜಾಗ. ಅಂಗಳದ ಪಕ್ಕ ಒಂದು ದುಂಡು ಕಲ್ಲಿದೆ, ಅಂಚಿನ ಸುತ್ತ 34 ಪುಟ್ಟ ಗುಳಿ, ನಡುವೆ ಒಂದು ದೊಡ್ಡದು. ಬೆಳೆದ ಬೆಳೆಯಲ್ಲಿ ಒಂದೊಂದು ಹಿಡಿ ದೇವರಿಗೆ ಇಡೋಕೆ ಅಂತ ಒಂದು ಊಹೆ. ಎರಡು ಜೇನ್ನೊಣ ಎದುರುಬದುರು ಕೂತು ಒಂದೇ ಹನಿ ಹಿಡಿದಿರುವ ಚಿನ್ನದ ಪದಕ ಸಿಕ್ಕಿದ್ದೂ ಮಾಲಿಯಾದಲ್ಲೇ. ಅದು ಮ್ಯೂಸಿಯಂನಲ್ಲಿದೆ.

ಆದರೆ ನನ್ನ ಮನಸ್ಸು ಫೈಸ್ಟೋಸ್ ಕಡೆ. ದಕ್ಷಿಣಕ್ಕೆ ಅರವತ್ತು ಕಿಲೋಮೀಟರ್, ಟ್ಯಾಕ್ಸಿ ಮಾಡಿಕೊಳ್ಳಿ. ಇಟಲಿಯವರು ಅಗೆದ ಜಾಗ. ಅವರು ಮೇಲೆ ಏನೂ ಕಟ್ಟಲಿಲ್ಲ. ಗುಡ್ಡದ ತುದಿ, ಕೆಳಗೆ ಮೆಸಾರಾ ಬಯಲು, ಕಣ್ಣು ಹಾಯುವಷ್ಟು ಆಲಿವ್ ತೋಟ. ಉತ್ತರಕ್ಕೆ ಪ್ಸಿಲೋರಿಟಿಸ್ ಬೆಟ್ಟ, 2456 ಮೀಟರ್. ಮೇ ತಿಂಗಳಲ್ಲಿ ತುದಿಗೆ ಹಿಮ ಇದ್ದರೂ ಇರಬಹುದು. ಬೆಟ್ಟದ ಮೈಮೇಲೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದು ಕಮಾರೆಸ್ ಗುಹೆ. ಅಲ್ಲಿ ಹರಕೆಗೆ ಇಟ್ಟ ಬಟ್ಟಲುಗಳು ಸಿಕ್ಕವು. ಕಪ್ಪು ಮೈ, ಅದರ ಮೇಲೆ ಬಿಳಿ, ಕೆಂಪು, ಕಿತ್ತಳೆ ಸುರುಳಿಗಳು. ಕೆಲವು ಮೊಟ್ಟೆಯ ಚಿಪ್ಪಿನಷ್ಟು ತೆಳು. ಅಂಥದ್ದೊಂದನ್ನು ಮಾಡೋಕೆ ನಾನು ವರ್ಷಗಟ್ಟಲೆ ಪ್ರಯತ್ನಪಟ್ಟಿದ್ದೇನೆ, ಆವಿಗೆಯಿಂದ ಒಂದೂ ಸರಿಯಾಗಿ ಹೊರಗೆ ಬಂದಿಲ್ಲ. ಫೈಸ್ಟೋಸ್ ಅರಮನೆಯಲ್ಲೂ ಈ ಬಟ್ಟಲುಗಳು ರಾಶಿ ಸಿಕ್ಕಿವೆ.

ಅಲ್ಲಿನ ದೊಡ್ಡ ಮೆಟ್ಟಿಲಿನ ಅಗಲ ಸುಮಾರು 14 ಮೀಟರ್. ಕೆಳಗೆ ಬಗ್ಗಿ, ಕಣ್ಣನ್ನು ಮೆಟ್ಟಿಲಿನ ಮಟ್ಟಕ್ಕೆ ತಂದು ನೋಡಿ. ನಡುವೆ ತುಸು ಉಬ್ಬಿದೆ. ಮಳೆ ನೀರು ನಿಲ್ಲದೆ ಎರಡೂ ಬದಿಗೆ ಹರಿಯಲಿ ಅಂತ. ಅಪ್ಪ ಹತ್ತಲೇಬೇಕು ಅಂತೇನಿಲ್ಲ. ಒಳಗೆ ಹೋಗುವ ದಾರಿ ಮೇಲಿನಿಂದ ಬರುತ್ತದೆ. ಅಲ್ಲಿ ನಿಂತರೂ ಇಡೀ ಅರಮನೆ ಕೆಳಗೆ ನಕ್ಷೆ ಬರೆದಿಟ್ಟ ಹಾಗೆ ಕಾಣುತ್ತದೆ. ಬೋರ್ಡಿನ ಮೇಲೆ ನಕ್ಷೆ ಬರೆದವರಿಗೆ ಇದಕ್ಕಿಂತ ಇನ್ನೇನು ಬೇಕು?

1908ರಲ್ಲಿ ಇಲ್ಲೇ ಸಿಕ್ಕಿದ್ದು ಆ ಪ್ರಸಿದ್ಧ ಮಣ್ಣಿನ ಬಿಲ್ಲೆ. ಅಂಗೈಗಿಂತ ಸ್ವಲ್ಪ ದೊಡ್ಡದು, 16 ಸೆಂಟಿಮೀಟರ್ ಅಡ್ಡಗಲ. ಎರಡೂ ಮುಖದಲ್ಲಿ ಸುರುಳಿಯಾಗಿ ಚಿಹ್ನೆಗಳು, 45 ಬಗೆ. ಗೀಚಿದ್ದಲ್ಲ, ಹಸಿ ಮಣ್ಣಿನ ಮೇಲೆ ಅಚ್ಚು ಒತ್ತಿದ್ದು. ಕೆಲವು ಕಡೆ ಒತ್ತಿದ್ದನ್ನು ಅಳಿಸಿ ಮತ್ತೆ ಒತ್ತಿದ್ದಾರೆ. ಮ್ಯೂಸಿಯಂನ ಗಾಜಿನ ಹತ್ತಿರ ಮುಖ ತಂದು ನೋಡಿ. ಏನು ಬರೆದಿದೆ ಅಂತ ಯಾರಿಗೂ ಗೊತ್ತಿಲ್ಲ. ಆದರೆ ತಪ್ಪು ಮಾಡಿದ್ದು, ತಿದ್ದಿದ್ದು ಕಾಣುತ್ತದೆ.

ಅಲೆಮಾರಿ:

ಪೂರ್ವದ ತುದಿಯ ಜಾಕ್ರೋಸ್ ಅರಮನೆ ಈ ಸಲ ಬೇಡ, ತುಂಬ ದೂರ. ಆದರೂ ಒಂದು ಮಾತು. 1961ರಿಂದ ನಿಕೊಲಾವೋಸ್ ಪ್ಲಾಟೋನ್ ಅಲ್ಲಿ ಅಗೆದಾಗ ಅರಮನೆ ಲೂಟಿಯಾಗದೆ ಹಾಗೇ ಸಿಕ್ಕಿತು. ಬಾವಿಯ ನೀರಿನಲ್ಲಿ ಒಂದು ಬಟ್ಟಲು ಆಲಿವ್ ಕಾಯಿ, ಈಗ ತಾನೇ ಕಿತ್ತ ಹಾಗಿತ್ತಂತೆ. 2025ರಲ್ಲಿ ಯುನೆಸ್ಕೋ ಕ್ನೋಸೋಸ್, ಫೈಸ್ಟೋಸ್, ಮಾಲಿಯಾ, ಜಾಕ್ರೋಸ್ ಜೊತೆಗೆ ಜೊಮಿಂಥೋಸ್, ಕಿಡೋನಿಯಾ, ಒಟ್ಟು ಆರನ್ನೂ ಪಾರಂಪರಿಕ ಪಟ್ಟಿಗೆ ಸೇರಿಸಿದೆ.

ಓದುಗಿತ್ತಿ:

ಹೋಗಿ ಬಂದೆವು. ಮನೆಗೆ ಬಂದು ಮೂರು ದಿನ ಆಯಿತು. ನಿಮಗೆಲ್ಲ ಹೇಳದೆ ಇರೋಕೆ ಆಗಲಿಲ್ಲ.

ಎಂಟು ಗಂಟೆಗೆ ಒಳಗೆ ಹೋದಾಗ ನವಿಲಿನ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ. ಅಲ್ಲಿ ನವಿಲುಗಳಿವೆ ಅಂತ ಯಾರೂ ಹೇಳಿರಲಿಲ್ಲ! ಸಿಂಹಾಸನದ ಕೋಣೆಯ ಮುಂದೆ ನಮಗಿಂತ ಮೊದಲು ಇಬ್ಬರೇ ಇದ್ದರು. ಜಿಪ್ಸಮ್ ಕಲ್ಲಿನ ಆ ಪುಟ್ಟ ಆಸನ, ಎರಡೂ ಬದಿಯ ಗೋಡೆಯ ಮೇಲೆ ರೆಕ್ಕೆ ಇಲ್ಲದ ಗ್ರಿಫಿನ್‌ಗಳು, ಅಂದರೆ ಹದ್ದಿನ ತಲೆಯ ಸಿಂಹಗಳು. ಅಪ್ಪ ಒಳಗೆ ಬಗ್ಗಿ ನೋಡಿ, "ಇಷ್ಟು ಚಿಕ್ಕದಾ" ಅಂದರು. ಬೇಸರದಿಂದಲ್ಲ. ಇಷ್ಟು ವರ್ಷ ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದರಂತೆ.

ನಡುವಿನ ಅಂಗಳಕ್ಕೆ ಬಂದಾಗ ಅವರು ಸುಮ್ನೆ ನಿಂತುಬಿಟ್ಟರು. ಆಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಎಣಿಸುತ್ತಾ ನಡೆದರು. ಊರುಗೋಲು ನನ್ನ ಕೈಗೆ ಕೊಟ್ಟಿದ್ದರು. ಸುಮಾರು 50 ಮೀಟರ್ ಉದ್ದ ಅಂತ ಪಾಠ ಮಾಡಿದ್ದರು, ಅದು ಸರಿಯಾ ಅಂತ ನೋಡಬೇಕಿತ್ತಂತೆ. ಸರಿ ಬಂತು. ನಾನು ಆ ಕಡೆ ತಿರುಗಿಕೊಂಡೆ, ಕಣ್ಣೀರು ತಡೆಯೋಕೆ ಆಗಲಿಲ್ಲ.

ಮಣ್ಣುಮಡಕೆ ಅಕ್ಕಾ, ಗುಡಾಣಗಳ ಹತ್ತಿರ ನೀವು ಹೇಳಿದ ಹಾಗೇ ಆಯಿತು. ಅಪ್ಪ ಅಲ್ಲಿಂದ ಕದಲಲಿಲ್ಲ. ನನ್ನನ್ನು ಪಕ್ಕ ನಿಲ್ಲಿಸಿಕೊಂಡು ಗ್ಲಾಕೋಸ್ ಕಥೆ ಹೇಳಿದರು. ಪುರಾಣದ ಮಿನೋಸ್ ರಾಜನ ಪುಟ್ಟ ಮಗ ಗ್ಲಾಕೋಸ್ ಒಂದು ಇಲಿಯನ್ನು ಅಟ್ಟಿಸಿಕೊಂಡು ಹೋಗಿ ಜೇನು ತುಂಬಿದ ಗುಡಾಣದೊಳಗೆ ಬಿದ್ದು ಸತ್ತ. ಹುಡುಕಿ ಹುಡುಕಿ ಕೊನೆಗೆ ಕಾಲಜ್ಞಾನಿ ಪೊಲಿಯಿಡೋಸ್ ಅವನನ್ನು ಕಂಡುಹಿಡಿದು, ಒಂದು ಹಾವು ತೋರಿಸಿದ ಮೂಲಿಕೆಯಿಂದ ಬದುಕಿಸಿದ. ಈ ಕಥೆಯನ್ನು ಅವರು ಕ್ಲಾಸಿನಲ್ಲಿ ಯಾವತ್ತೂ ಹೇಳಿರಲಿಲ್ಲ. ಯಾಕೆ ಅಂದರೆ, "ಮಗು ಮುಳುಗುವಷ್ಟು ದೊಡ್ಡ ಮಡಕೆ ಇರುತ್ತದೆ ಅಂತ ನಾನೇ ನಂಬಿರಲಿಲ್ಲ" ಅಂದರು.

ಕೋತಿಯ ಬಾಲವನ್ನು ಅವರೇ ಕಂಡುಹಿಡಿದರು. ಫೈಸ್ಟೋಸ್‌ನಲ್ಲಿ ಮೇಲಿನ ಪೈನ್ ಮರದ ನೆರಳಲ್ಲಿ ಒಂದೂವರೆ ಗಂಟೆ ಕೂತು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದರು. ನಾನು ಕೆಳಗಿಳಿದು ಮೆಟ್ಟಿಲಿನ ಉಬ್ಬು ನೋಡಿ ಬಂದು ಹೇಳಿದೆ. ಥ್ರಾಪ್ಸನೋಗೆ ಹೋಗೋಕೆ ಆಗಲಿಲ್ಲ, ಅದೊಂದೇ ಬೇಜಾರು.

ಅಪ್ಪನ ಒಂದು ಪ್ರಶ್ನೆ ಇದೆ, ನಿಮ್ಮನ್ನೇ ಕೇಳು ಅಂದಿದ್ದಾರೆ. ತುಂಬಿದ ಗುಡಾಣದ ಭಾರವನ್ನು ಅಷ್ಟು ಸಣ್ಣ ಹಿಡಿಗಳು ತಡೆಯಲ್ಲ. ಹಾಗಾದರೆ ಅಷ್ಟೊಂದು ಯಾಕೆ? ಬುಡದ ಹತ್ತಿರವೂ ಯಾಕೆ?

ಮಣ್ಣುಮಡಕೆ:

ಓದಿ ನನಗೂ ಕಣ್ಣು ಒದ್ದೆ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಪ್ರಶ್ನೆ ಕುಂಬಾರರೇ ಕೇಳುವಂಥದ್ದು.

ಅವರು ಹೇಳಿದ್ದು ಸರಿ. ಹಿಡಿ ಹಿಡಿದು ಎತ್ತಿದರೆ ಕಿತ್ತು ಬರುತ್ತದೆ. ನನಗೆ ಅನ್ನಿಸೋದು ಇದು: ಭಾರ ಹೊರೋದು ಹಗ್ಗ. ಗುಡಾಣದ ಹೊಟ್ಟೆಗೆ ಹಗ್ಗ ಸುತ್ತಿದರೆ ನುಣುಪು ಮೈಮೇಲೆ ಜಾರುತ್ತದೆ. ಹಿಡಿಗಳ ಒಳಗಿಂದ ಹಾಯಿಸಿದರೆ ಜಾರಲ್ಲ, ಭಾರ ಸುತ್ತಲೂ ಹಂಚಿಹೋಗುತ್ತದೆ. ಮೇಲಿನ ಸಾಲು ಎತ್ತೋಕೆ. ಬುಡದ ಸಾಲು ಬಾಗಿಸೋಕೆ. ಅಷ್ಟು ಎತ್ತರದ ಗುಡಾಣದ ತಳದಲ್ಲಿ ಉಳಿದ ಎಣ್ಣೆ ತೆಗೆಯಬೇಕಾದರೆ ಒಬ್ಬರು ಮೇಲ್ಭಾಗವನ್ನು ತಳ್ಳಬೇಕು, ಇನ್ನೊಬ್ಬರು ಬುಡವನ್ನು ಹಗ್ಗದಲ್ಲಿ ಎಳೆದು ಹಿಡಿಯಬೇಕು. ನನ್ನ ದೊಡ್ಡ ಹರವಿಗಳನ್ನು ಆವಿಗೆಗೆ ಸಾಗಿಸುವಾಗ ನಾನೂ ಹೀಗೇ ಮಾಡುತ್ತೇನೆ, ಹಿಡಿ ಇಲ್ಲದೆ ಒದ್ದಾಡುತ್ತೇನೆ.

ಬುಡದ ಸಾಲಿನ ಹಿಡಿಗಳ ಫೋಟೋ ತೆಗೆದಿದ್ದರೆ ಇಲ್ಲಿ ಹಾಕಿ. ಒಳಬದಿ ಹಗ್ಗ ಉಜ್ಜಿ ಸವೆದಿದೆಯಾ ನೋಡಬೇಕು. ನಾನು ಹೋದಾಗ ಅದನ್ನು ನೋಡೋದು ಹೊಳೆಯಲೇ ಇಲ್ಲ.